ಮತವೂ ಮತದಾನವೂ

ಚುನಾವಣೆ ಸಮೀಪಿಸಿದಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ. ನಮ್ಮೂರಿನ ವಾಚನಾಲಯದಲ್ಲಿ ಪತ್ರಿಕೆಯ ಹಾಳೆಗಳನ್ನು ನನ್ನೊಡನೆ ಹಂಚಿಕೊಂಡು ಓದುವ ಹಿರಿಯರೊಬ್ಬರಿದ್ದಾರೆ. ಅವರು ಕನ್ನಡಕವನ್ನು ಹಣೆಗೇರಿಸಿ, ದನಿಯನ್ನು ತುಸು ತಗ್ಗಿಸಿ ಕೇಳುತ್ತಾರೆ: "ಮಾಷ್ಟ್ರೇ, ಈ ಸಲ ನಿಮ್ಮವರ ಓಟು ಯಾರಿಗೆ?" ಪ್ರಶ್ನೆಯಲ್ಲಿ ಕೇಡೇನೂ ಇಲ್ಲ. ಮೂವತ್ತು ವರ್ಷಗಳ ಸ್ನೇಹ ನಮ್ಮದು. ನಮ್ಮ ಮನೆಯ ಕ್ರಿಸ್ಮಸ್ಸಿನ ಕುಸ್ವಾರ್ ಅವರ ಮನೆಗೂ, ಅವರ ಮನೆಯ ಚೌತಿಯ ಕಡುಬು ನಮ್ಮ ಮನೆಗೂ ವರ್ಷ ತಪ್ಪದೆ ಹೋಗಿ ಬರುತ್ತವೆ. ಆದರೂ 'ನಿಮ್ಮವರು' ಎಂಬ ಆ ಒಂದು ಮಾತು ಮನೆಗೆ ಹಿಂದಿರುಗಿದ ಮೇಲೂ ನನ್ನನ್ನು ಬಿಡುವುದಿಲ್ಲ. ಯಾರು ಈ ನನ್ನವರು? ಭಾನುವಾರ ನನ್ನ ಬೆಂಚಿನಲ್ಲಿ ಕುಳಿತು ಪ್ರಾರ್ಥಿಸುವವರೆಲ್ಲರೂ ಮತಗಟ್ಟೆಯಲ್ಲಿಯೂ ನನ್ನವರಾಗಬೇಕೆ? ಆಗುವುದು ಒಳ್ಳೆಯದೆ?

ಕನ್ನಡದಲ್ಲಿ 'ಮತ' ಎಂಬ ಪದಕ್ಕೆ ಮೂರು ಅರ್ಥಗಳು ಬಳಕೆಯಲ್ಲಿವೆ. ಕ್ರೈಸ್ತಮತ, ಶೈವಮತ ಎಂದಾಗ ಅದು ಧರ್ಮ. 'ನನ್ನ ಮತವೇನೆಂದರೆ' ಎಂದು ಸಭೆಯಲ್ಲಿ ಎದ್ದು ನಿಂತಾಗ ಅದು ಅಭಿಪ್ರಾಯ. ಚುನಾವಣೆಯ ದಿನ ಅದೇ ಪದ ಓಟಾಗುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ, ನಮ್ಮಲ್ಲಿ ಒಂದೇ. ಇದು ಭಾಷೆಯ ಬಡತನವೆಂದು ಕೆಲವರಿಗೆ ತೋರಬಹುದು. ನನಗೆ ಇದರಲ್ಲಿ ಒಂದು ವಿವೇಕ ಕಾಣುತ್ತದೆ. ಮತವೆಂಬುದು ಮೂಲತಃ ಮನನಕ್ಕೆ ಸಂಬಂಧಿಸಿದ ಶಬ್ದ. ಚಿಂತಿಸಿ ತಲುಪಿದ ನಿಲುವು ಎಂದು ಅದರ ಅರ್ಥ. ಧರ್ಮವೆಂಬ ಮತವು ಓಟೆಂಬ ಮತವನ್ನು ಮುಟ್ಟಬೇಕಾದರೆ ನಡುವಿನ ಅಭಿಪ್ರಾಯವೆಂಬ ಮತವನ್ನು ಹಾದೇ ಬರಬೇಕು. ನಡುವಿನದು ಬಿದ್ದುಹೋದಾಗ ಉಳಿಯುವುದು ತಲೆಯೆಣಿಕೆ ಮಾತ್ರ.

ನಾನು ಹುಟ್ಟಿನಿಂದ ಕ್ರೈಸ್ತ, ವೃತ್ತಿಯಿಂದ ಇತಿಹಾಸದ ಅಧ್ಯಾಪಕನಾಗಿದ್ದವನು. ಕ್ರೈಸ್ತನಾದವನು ತನ್ನ ಶ್ರದ್ಧೆಯನ್ನು ಮತಗಟ್ಟೆಯೊಳಕ್ಕೆ ಹೇಗೆ ಒಯ್ಯಬೇಕೆಂಬುದನ್ನು ಕುರಿತು ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಅದು ಸಭಾಪಾಲಕರ ಕೆಲಸ. ಆದರೆ ನಮ್ಮ ದೇಶದ ಕ್ರೈಸ್ತರು ಈ ಪ್ರಶ್ನೆಯನ್ನು ಬಾಯಿಮಾತಿನಲ್ಲಲ್ಲದೆ ಬದುಕಿನಲ್ಲಿಯೇ ಎದುರಿಸಿ ಉತ್ತರಿಸಬೇಕಾಗಿ ಬಂದ ಒಂದು ಕಾಲವಿತ್ತು. 1919ರಿಂದ 1949ರವರೆಗಿನ ಮೂವತ್ತು ವರ್ಷಗಳ ಆ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಈ ಭಾಷಣದ ಉದ್ದೇಶ.

ಅದಕ್ಕೆ ಮುನ್ನ ಧರ್ಮಗ್ರಂಥದ ಮಾತು. ಬೈಬಲಿನಲ್ಲಿ ಮತಪೆಟ್ಟಿಗೆ ಇಲ್ಲ. ಅದನ್ನು ಬರೆದವರು ಅರಸರ, ಚಕ್ರವರ್ತಿಗಳ ಕಾಲದವರು. ತೆರಿಗೆಯ ಪ್ರಶ್ನೆಯನ್ನು ಕೇಳಿ ಯೇಸುವನ್ನು ಮಾತಿನಲ್ಲಿ ಸಿಕ್ಕಿಸಲು ಬಂದವರ ಕಥೆ ನಿಮಗೆ ಗೊತ್ತಿರಬಹುದು. ಕೈಸರನಿಗೆ ಸಲ್ಲಬೇಕಾದದ್ದು ಒಂದು, ದೇವರಿಗೆ ಸಲ್ಲಬೇಕಾದದ್ದು ಇನ್ನೊಂದು ಎಂದು ಅವನು ಬೇರ್ಪಡಿಸಿದ. ಎರಡರ ನಡುವಿನ ಗಡಿ ಎಲ್ಲಿದೆಯೆಂಬುದನ್ನು ಕೇಳಿದವರ ವಿವೇಕಕ್ಕೇ ಬಿಟ್ಟ. ಬಾಬೆಲಿಗೆ ಸೆರೆಹೋದ ತನ್ನ ಜನಕ್ಕೆ ಪ್ರವಾದಿ ಯೆರೆಮೀಯ ಬರೆದ ಪತ್ರದ ತಾತ್ಪರ್ಯವೂ ಇಲ್ಲಿ ನೆನಪಿಗೆ ಬರುತ್ತದೆ. ನೀವಿರುವ ಊರು ನಿಮ್ಮದಲ್ಲವೆಂದು ಕೈಕಟ್ಟಿ ಕೂರಬೇಡಿ, ಆ ಊರಿನ ಕ್ಷೇಮವನ್ನು ಬಯಸಿರಿ, ಅದರ ಕ್ಷೇಮದಲ್ಲಿಯೇ ನಿಮ್ಮ ಕ್ಷೇಮವೂ ಇದೆ ಎಂಬುದು ಅವನ ಬುದ್ಧಿವಾದ.

ಆದರೆ ಚುನಾವಣೆಗೆ ಅತ್ಯಂತ ಹತ್ತಿರವಾದ ಕಥೆಯಿರುವುದು ನ್ಯಾಯಸ್ಥಾಪಕರ ಪುಸ್ತಕದಲ್ಲಿ. ತನ್ನ ಸೋದರರನ್ನೆಲ್ಲ ಕೊಲ್ಲಿಸಿ ಅರಸನಾದ ಅಬೀಮೆಲೆಕನನ್ನು ಕುರಿತು, ಬದುಕಿ ಉಳಿದ ಒಬ್ಬನೇ ತಮ್ಮನಾದ ಯೋತಾಮನು ಬೆಟ್ಟದ ಮೇಲೆ ನಿಂತು ಜನಕ್ಕೆ ಹೇಳಿದ ಕಥೆ ಅದು. ಒಮ್ಮೆ ಮರಗಳೆಲ್ಲ ತಮಗೊಬ್ಬ ಅರಸನನ್ನು ಆರಿಸಿಕೊಳ್ಳಲು ಹೊರಟವಂತೆ. ಎಣ್ಣೆಮರವನ್ನು ಕೇಳಿದವು, ಅದು ತನ್ನ ಎಣ್ಣೆಯನ್ನು ಬಿಟ್ಟು ಬರಲೊಲ್ಲದಾಯಿತು. ಅಂಜೂರ ತನ್ನ ಹಣ್ಣಿನ ಸಿಹಿಯನ್ನು ಬಿಡಲಿಲ್ಲ. ದ್ರಾಕ್ಷಿಯ ಬಳ್ಳಿ ತನ್ನ ರಸವನ್ನು ಬಿಡಲಿಲ್ಲ. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದಾಗ ಅದು ಕೂಡಲೇ ಒಪ್ಪಿತು. ಬನ್ನಿ, ನನ್ನ ನೆರಳಲ್ಲಿ ಆಶ್ರಯ ಪಡೆಯಿರಿ, ಇಲ್ಲವಾದರೆ ನನ್ನಿಂದ ಹೊರಡುವ ಬೆಂಕಿ ದೊಡ್ಡ ದೊಡ್ಡ ಮರಗಳನ್ನೂ ಸುಡುವುದು ಎಂದಿತು. ಮುಳ್ಳಿನ ಪೊದೆಗೆ ನೆರಳೆಲ್ಲಿಯದು? ಸಜ್ಜನರು ತಮ್ಮ ತಮ್ಮ ತೋಟದ ಕೆಲಸದಲ್ಲಿಯೇ ಮಗ್ನರಾದರೆ ಯಾರ ಕೈಗೆ ಅಧಿಕಾರ ಹೋಗುವುದೆಂಬುದನ್ನು ಈ ಕಥೆ ಹೇಳುತ್ತದೆ. ಯಾರಿಗೆ ಓಟು ಹಾಕಬೇಕೆಂಬುದನ್ನು ಅದು ಹೇಳುವುದಿಲ್ಲ. ಧರ್ಮಗ್ರಂಥದಿಂದ ದೃಷ್ಟಿಯನ್ನು ಪಡೆಯಬಹುದು. ಅಭ್ಯರ್ಥಿಯ ಹೆಸರನ್ನು ಪಡೆಯಲಾಗದು.

ಇನ್ನು ಇತಿಹಾಸಕ್ಕೆ ಬರೋಣ. 1909ರ ಸುಧಾರಣೆಗಳಲ್ಲಿ ಬ್ರಿಟಿಷ್ ಸರ್ಕಾರ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. 1919ರ ಕಾಯಿದೆ ಬಂದಾಗ ಮದರಾಸು ಪ್ರಾಂತದ ಭಾರತೀಯ ಕ್ರೈಸ್ತರಿಗೂ ಆ ವ್ಯವಸ್ಥೆ ವಿಸ್ತರಿಸಿತು; ಅಲ್ಲಿನ ಶಾಸನಸಭೆಯಲ್ಲಿ ಅವರಿಗೆ 5 ಸ್ಥಾನಗಳು ದೊರೆತವು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಈ ಕಥೆ ನಮ್ಮ ಹಿತ್ತಿಲಿನದೂ ಹೌದು.

ಪ್ರತ್ಯೇಕ ಮತಕ್ಷೇತ್ರವೆಂದರೇನೆಂಬುದು ಇಂದಿನ ತರುಣರಿಗೆ ಸುಲಭವಾಗಿ ತಿಳಿಯದು. ಇದು ಇಂದಿನ ಮೀಸಲು ಕ್ಷೇತ್ರದಂತಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರಿಗೆ ಮಾತ್ರ ಕಟ್ಟು. ಓಟು ಕೊಡುವವರು ಊರಿನವರೆಲ್ಲ. ಪ್ರತ್ಯೇಕ ಕ್ಷೇತ್ರದಲ್ಲಿ ಮತದಾರರ ಪಟ್ಟಿಯೇ ಬೇರೆ. ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಮನೆಗಳಿವೆಯೆನ್ನಿ. ಎರಡರ ಮುಂದೆಯೂ ಒಂದೇ ಚರಂಡಿ, ಎರಡಕ್ಕೂ ಒಂದೇ ಬಾವಿ. ಒಂದು ಮನೆಯವರು ಕ್ರೈಸ್ತರ ಪಟ್ಟಿಯಲ್ಲಿ, ಇನ್ನೊಂದು ಮನೆಯವರು ಸಾಮಾನ್ಯ ಪಟ್ಟಿಯಲ್ಲಿ. ಕ್ರೈಸ್ತ ಅಭ್ಯರ್ಥಿ ಎದುರುಮನೆಯ ಮೆಟ್ಟಿಲು ಹತ್ತಬೇಕಾದ ಅಗತ್ಯವಿಲ್ಲ. ಹಿಂದೂ ಅಭ್ಯರ್ಥಿಗೆ ಈ ಮನೆಯ ಬಾಗಿಲು ಕಾಣುವುದೇ ಇಲ್ಲ. ಚರಂಡಿ ಮಾತ್ರ ಇಬ್ಬರದೂ. ಹೀಗೆ ಧರ್ಮವೆಂಬುದು ಮನುಷ್ಯನ ಅಂತರಂಗದ ನಂಬಿಕೆಯಾಗಿ ಉಳಿಯದೆ ಸರ್ಕಾರದ ದಫ್ತರಿನ ಒಂದು ಕಲಮಾಯಿತು.

ಇದನ್ನು ಮೊದಲು ಗುರುತಿಸಿ ವಿರೋಧಿಸಿದವರಲ್ಲಿ ಕ್ರೈಸ್ತರೇ ಇದ್ದರೆಂಬುದು ಗಮನಿಸಬೇಕಾದ ಸಂಗತಿ. ಅವರಲ್ಲಿ ಮುಖ್ಯರು ಕೆ. ಟಿ. ಪಾಲ್. ಸೇಲಂನಲ್ಲಿ 1876ರಲ್ಲಿ ಹುಟ್ಟಿದ ಇವರು ವೈ.ಎಂ.ಸಿ.ಎ. ಸಂಸ್ಥೆಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯರು. ಹಳ್ಳಿಗರ ಸಾಲದ ಬವಣೆಯನ್ನು ಕಂಡು ಸಹಕಾರಸಂಘಗಳನ್ನು ಕಟ್ಟಿಸಿದವರು, ಗ್ರಾಮೋದ್ಧಾರವನ್ನು ಕ್ರೈಸ್ತ ಸೇವೆಯ ಭಾಗವೆಂದು ತಿಳಿದವರು. ಸಾಲಗಾರನಾದ ರೈತನ ಧರ್ಮವನ್ನು ವಿಚಾರಿಸಿ ಬಡ್ಡಿ ಏರಿಳಿಯುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತೀಯ ಕ್ರೈಸ್ತರ ಪ್ರತಿನಿಧಿಯಾಗಿ ಹೋದ ಅವರು, ತಮ್ಮ ಸಮುದಾಯಕ್ಕೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂದರು. ಇಡೀ ದೇಶದ ಸೇವೆಗೆ ಕರೆಯಲ್ಪಟ್ಟ ಜನ ತಮ್ಮ ಪಾಲನ್ನು ಮಾತ್ರ ಎಣಿಸಿಕೊಳ್ಳುವ ಜನವಾಗಬಾರದೆಂಬುದು ಅವರ ನಿಲುವಿನ ಸಾರ. ಮರುವರ್ಷವೇ, 1931ರಲ್ಲಿ, ಅವರು ತೀರಿಕೊಂಡರು. ಎರಡನೆಯ ಪರಿಷತ್ತಿನಲ್ಲಿ ಎಸ್. ಕೆ. ದತ್ತ ಅವರು ಅದೇ ವಾದವನ್ನು ಮುಂದುವರಿಸಿದರು.

ಆದರೆ ಎದುರುವಾದವನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಅದೇ ಪರಿಷತ್ತಿನಲ್ಲಿ ತಂಜಾವೂರಿನ ಎ. ಟಿ. ಪನ್ನೀರ್ ಸೆಲ್ವಂ ಅವರೂ ಇದ್ದರು, ಅವರೂ ಕ್ರೈಸ್ತರೇ. ಪ್ರತ್ಯೇಕ ಕ್ಷೇತ್ರ ಬೇಕೆಂದು ವಾದಿಸಿ, 1931ರ ಅಲ್ಪಸಂಖ್ಯಾತರ ಒಪ್ಪಂದಕ್ಕೆ ಕ್ರೈಸ್ತರ ಪರವಾಗಿ ಅವರು ಸಹಿ ಹಾಕಿದರು. ಈ ಪಕ್ಷದವರ ಭಯ ಸರಳವಾದದ್ದು. ನಾವು ಕೆಲವರು, ಊರೂರಿನಲ್ಲಿ ಚದರಿ ಹೋದವರು. ಎಲ್ಲರ ಪಟ್ಟಿಯಲ್ಲಿ ನಮ್ಮ ಹೆಸರು ಸೇರಿದರೆ ಸಮುದ್ರಕ್ಕೆ ಬಿದ್ದ ಉಪ್ಪಿನ ಹರಳಿನಂತೆ ಕಾಣದೆ ಹೋಗುತ್ತೇವೆ. ಇತರರ ಓಟಿನಿಂದ ಗೆದ್ದು ಬಂದ ಕ್ರೈಸ್ತನು ಹೆಸರಿಗೆ ನಮ್ಮವನು, ಋಣಕ್ಕೆ ಅವರವನು. ಈ ಭಯ ಸುಳ್ಳೆಂದು ಬಹುಸಂಖ್ಯಾತರಾದವರು ಹೇಳುವುದು ಸುಲಭ. ಕಡಿಮೆ ಸಂಖ್ಯೆಯವರಾಗಿ ಒಂದು ಊರಿನಲ್ಲಿ ಬಾಳಿದವರಿಗೆ ಅದರ ತೂಕ ಗೊತ್ತು.

ಸರ್ಕಾರ ಈ ಭಯದ ಪಕ್ಷವನ್ನು ಹಿಡಿಯಿತು. 1932ರ ಆಗಸ್ಟ್ 16ರ ಕೋಮುವಾರು ತೀರ್ಪಿನಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಕ್ಷೇತ್ರಗಳು ಖಚಿತವಾದವು. 1935ರ ಕಾಯಿದೆಯ ಪ್ರಕಾರ ಮದರಾಸಿನ 215 ಸ್ಥಾನಗಳ ವಿಧಾನಸಭೆಯಲ್ಲಿ 8 ಸ್ಥಾನ ಅವರದಾಯಿತು. ಓಟಿನ ಹಕ್ಕಾದರೋ ಆಸ್ತಿ, ಕಂದಾಯ, ವಿದ್ಯೆ ಮುಂತಾದ ಯೋಗ್ಯತೆಯುಳ್ಳವರಿಗೆ ಮಾತ್ರ. ಹೆಂಚಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಅಜ್ಜನ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಕ್ರೈಸ್ತರ ಹಿತವೆಂದು ಯಾವುದನ್ನು ಕರೆಯುತ್ತಿದ್ದರೋ ಅದನ್ನು ನಿರ್ಣಯಿಸುವ ಅಧಿಕಾರ ಎಲ್ಲ ಕ್ರೈಸ್ತರಿಗೂ ಇರಲಿಲ್ಲ. ಈ ಸಂಗತಿ ಮುಂದೆಯೂ ಬೇರೊಂದು ರೂಪದಲ್ಲಿ ತಲೆಯೆತ್ತುವುದರಿಂದ ಇಲ್ಲಿಯೇ ಹೇಳಿಡುತ್ತೇನೆ.

ಕಾಲ ಬದಲಾಯಿತು. ಸಂವಿಧಾನ ರಚನಾ ಸಭೆ ಕೂಡಿತು. 1947ರ ಜನವರಿಯಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯಲ್ಲಿ ಮೂಲಭೂತ ಹಕ್ಕುಗಳು ಮತ್ತು ಅಲ್ಪಸಂಖ್ಯಾತರ ವಿಷಯವನ್ನು ಕುರಿತ ಸಲಹಾ ಸಮಿತಿ ಏರ್ಪಟ್ಟಿತು. ಅದರ ಅಲ್ಪಸಂಖ್ಯಾತರ ಉಪಸಮಿತಿಗೆ ಅಧ್ಯಕ್ಷರಾದವರು ಹರೇಂದ್ರ ಕುಮಾರ್ ಮುಖರ್ಜಿ. ಬಂಗಾಳದ ಕ್ರೈಸ್ತರಾದ ಇವರು ಕಲ್ಕತ್ತೆ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಗಳಿಸಿದ್ದರಲ್ಲಿ ಬಹುಭಾಗವನ್ನು ಅದೇ ವಿಶ್ವವಿದ್ಯಾನಿಲಯಕ್ಕೆ ದಾನವಿತ್ತವರು. ರಚನಾ ಸಭೆಯ ಉಪಾಧ್ಯಕ್ಷರಾಗಿ ಎಷ್ಟೋ ದಿನ ಪೀಠದಲ್ಲಿ ಕುಳಿತು ಸಭೆ ನಡೆಸಿದವರು. ಮದರಾಸಿನಿಂದ ಸಭೆಗೆ ಬಂದಿದ್ದ ಇನ್ನೊಬ್ಬ ಕ್ರೈಸ್ತ ಸದಸ್ಯರು ನಮ್ಮ ಮಂಗಳೂರಿನವರೇ ಆದ ಜೆರೋಂ ಡಿಸೋಜ. ಯೇಸುಸಭೆಯ ಈ ಪಾದ್ರಿಗಳು 1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಆ ದಿನಗಳಲ್ಲಿ ಮದರಾಸಿನ ಲೊಯೊಲ ಕಾಲೇಜಿನ ಪ್ರಾಂಶುಪಾಲರಾಗಿದ್ದರು.

1947ರ ಆಗಸ್ಟಿನಲ್ಲಿ, ದೇಶ ಒಡೆದು ರಕ್ತ ಹರಿಯುತ್ತಿದ್ದ ದಿನಗಳಲ್ಲಿ, ಸಭೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟಿತು. ಎಲ್ಲರಿಗೂ ಒಂದೇ ಪಟ್ಟಿ. ಆದರೆ ಅಲ್ಪಸಂಖ್ಯಾತರಿಗೆ ಕೆಲವು ಸ್ಥಾನಗಳು ಹತ್ತು ವರ್ಷಗಳ ಕಾಲ ಮೀಸಲು ಎಂದಾಯಿತು. ಕ್ರೈಸ್ತರಿಗೆ ಕೇಂದ್ರದಲ್ಲಿಯೂ ಮದರಾಸು, ಮುಂಬಯಿ ಪ್ರಾಂತಗಳಲ್ಲಿಯೂ ಮೀಸಲಾತಿ ದೊರೆಯಬೇಕಾಗಿತ್ತು. ಅದನ್ನೂ ಅವರು ಇಟ್ಟುಕೊಳ್ಳಲಿಲ್ಲ. 1949ರ ಮೇ 11ರಂದು ಪರಿಶಿಷ್ಟ ಜಾತಿಗಳನ್ನುಳಿದು ಬೇರೆ ಅಲ್ಪಸಂಖ್ಯಾತರಿಗೆ ಸ್ಥಾನ ಮೀಸಲಿಡುವುದು ಬೇಡವೆಂಬ ನಿರ್ಣಯ ಸಲಹಾ ಸಮಿತಿಯಲ್ಲಿ ಬಂತು. ಮಂಡಿಸಿದವರು ಮುಖರ್ಜಿಯವರೇ. ಆ ತಿಂಗಳ ಕೊನೆಯ ವಾರ ಸಭೆಯಲ್ಲಿ ಅದರ ಚರ್ಚೆ ನಡೆದಾಗ ಜೆರೋಂ ಡಿಸೋಜರು ಬೆಂಬಲಿಸಿ ಮಾತನಾಡಿದರು. ಸಭೆ ಒಪ್ಪಿತು. ಕ್ರೈಸ್ತರೆಂಬ ಕಾರಣಕ್ಕೆ ಶಾಸನಸಭೆಯಲ್ಲಿ ದೊರೆಯಬಹುದಾಗಿದ್ದ ಕುರ್ಚಿಗಳನ್ನು ಹೀಗೆ ಅವರು ತಾವಾಗಿಯೇ ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟು ಪಡೆದುದೇನು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ, 1948ರ ಡಿಸೆಂಬರ್ 6ರ ಚರ್ಚೆಗೆ ಹೋಗಬೇಕು. ಧರ್ಮಸ್ವಾತಂತ್ರ್ಯದ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ 'ಪ್ರಚಾರ ಮಾಡುವ' ಹಕ್ಕೂ ಇರಬೇಕೆ ಎಂಬುದು ಪ್ರಶ್ನೆ. ಕೆಲವು ಸದಸ್ಯರಿಗೆ ಆ ಪದ ಸಮ್ಮತವಿರಲಿಲ್ಲ. ಆಗ ಕೆ. ಎಂ. ಮುನ್ಶಿಯವರು ಎದ್ದು, ಈ ಪದಕ್ಕೆ ಕ್ರೈಸ್ತರು ಅತಿಶಯವಾದ ಮಹತ್ವ ಕೊಟ್ಟಿರುವುದು ಅದು ಅವರ ಶ್ರದ್ಧೆಯ ಅಂಗವಾದುದರಿಂದ ಎಂದು ವಿವರಿಸಿದರು. ಮುಂದುವರಿದು ಅವರು ಹೇಳಿದ ಮಾತು ಇನ್ನೂ ಮುಖ್ಯವಾದದ್ದು. ಈ ಹೊಸ ವ್ಯವಸ್ಥೆಯಲ್ಲಿ ಒಂದು ಧರ್ಮದವರ ಸಂಖ್ಯೆ ಹೆಚ್ಚಿದರೆ ಅದರಿಂದ ಅವರಿಗೆ ಯಾವ ರಾಜಕೀಯ ಲಾಭವೂ ಇಲ್ಲ. ಹಾಗಿರುವಾಗ ಹೆದರುವುದೇಕೆ ಎಂಬುದು ಅವರ ವಾದದ ತಿರುಳು.

ಗುಜರಾತಿನ ಬ್ರಾಹ್ಮಣರಾದ, ಕಾದಂಬರಿಕಾರರಾದ ಮುನ್ಶಿಯವರು ಕ್ರೈಸ್ತರ ಪರವಾಗಿ ಆಡಿದ ಈ ಮಾತಿನಲ್ಲಿ ನನ್ನ ಪ್ರಶ್ನೆಗೆ ಉತ್ತರದ ಅರ್ಧ ಭಾಗವಿದೆ. ತಲೆಗೊಂದು ಓಟು, ಓಟಿನ ಗಂಟಿಗೊಂದು ಕುರ್ಚಿ ಎಂದಾದಾಗ ದೇವರ ವಾಕ್ಯವನ್ನು ಸಾರುವವನೂ ಓಟು ಕೂಡಿಸುವವನಂತೆ ಕಾಣುತ್ತಾನೆ. ನೆರೆಯವನು ಅವನ ಪ್ರಾರ್ಥನೆಯನ್ನು ಕೇಳುವುದಿಲ್ಲ, ಅವನ ಜನಸಂಖ್ಯೆಯನ್ನು ಎಣಿಸುತ್ತಾನೆ. ಕುರ್ಚಿಯನ್ನು ಬಿಟ್ಟುಕೊಟ್ಟವರು ಶ್ರದ್ಧೆಯನ್ನು ಉಳಿಸಿಕೊಂಡರು. ಇದು ತ್ಯಾಗವೂ ಹೌದು, ದೂರದೃಷ್ಟಿಯೂ ಹೌದು.

ಇಲ್ಲಿಗೆ ಮುಗಿಸಿದರೆ ಕಥೆ ಸೊಗಸಾಗಿರುತ್ತದೆ, ಸತ್ಯವಾಗಿರುವುದಿಲ್ಲ. ತ್ಯಾಗ ಮಾಡಿದವರು ಯಾರು, ಅದರ ಬೆಲೆ ತೆತ್ತವರು ಯಾರು ಎಂದು ಇತಿಹಾಸದ ವಿದ್ಯಾರ್ಥಿ ಕೇಳಲೇಬೇಕು. 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶದ ಪ್ರಕಾರ, ಪಂಜಾಬಿನ ಕೆಲವು ಸಿಖ್ ಜಾತಿಗಳನ್ನುಳಿದು, ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವಂತಿರಲಿಲ್ಲ. 1956ರಲ್ಲಿ ಎಲ್ಲ ದಲಿತ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು. ಕ್ರೈಸ್ತನಾದ ದಲಿತನಿಗೆ ತೆರೆಯಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಸೂಸೈ ಎಂಬುವರ ಪ್ರಕರಣ ಪ್ರಸಿದ್ಧವಾಗಿದೆ. ಅವರು ಮದರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಅದೇ ಬದಿಯಲ್ಲಿ ಅದೇ ಕೆಲಸ ಮಾಡುತ್ತಿದ್ದವರಿಗೆ ಸರ್ಕಾರ ಚಿಕ್ಕ ಅಂಗಡಿಗೂಡುಗಳನ್ನು ಉಚಿತವಾಗಿ ಹಂಚಿದಾಗ, ಕ್ರೈಸ್ತನಾದ ಕಾರಣ ಅವರಿಗೆ ದೊರೆಯಲಿಲ್ಲ. ಮತಾಂತರದ ಅನಂತರವೂ ಅದೇ ಪ್ರಮಾಣದ ಸಾಮಾಜಿಕ ಬಾಧೆ ಮುಂದುವರಿದಿದೆಯೆಂಬುದಕ್ಕೆ ಸಾಕಷ್ಟು ಆಧಾರ ಒದಗಿಲ್ಲವೆಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಧರ್ಮದ ಕಟ್ಟನ್ನು ತೆಗೆದುಹಾಕಲು ಶಿಫಾರಸು ಮಾಡಿತು. 2022ರಲ್ಲಿ ಇದೇ ಪ್ರಶ್ನೆಯ ಪರಿಶೀಲನೆಗೆ ಕೇಂದ್ರ ಸರ್ಕಾರ ಮತ್ತೊಂದು ಆಯೋಗವನ್ನು ನೇಮಿಸಿತು.

ಸರ್ಕಾರವನ್ನು ದೂರುವುದು ಸುಲಭ. ಆದರೆ ಚರ್ಚಿನೊಳಗೇ ಜಾತಿಗೊಂದು ಬದಿಯ ಬೆಂಚು, ಜಾತಿಗೊಂದು ಸ್ಮಶಾನದ ಮೂಲೆ ಇದ್ದುದನ್ನು ದಕ್ಷಿಣ ಭಾರತದ ಕ್ರೈಸ್ತರಾರೂ ಅಲ್ಲಗಳೆಯಲಾರರು. ಹೊರಗೆ ಸಮಾನತೆಯನ್ನು ಸಾರಿ ಒಳಗೆ ಅದನ್ನು ಕೊಡದವರು, ಅವನ ಪರವಾಗಿ ಕಾನೂನಿನ ಬಾಗಿಲು ತಟ್ಟುವುದರಲ್ಲಿಯೂ ತಡಮಾಡಿದರು. ಲಂಡನ್ನಿನಲ್ಲಿ, ದೆಹಲಿಯಲ್ಲಿ ಸಮುದಾಯದ ಹೆಸರಿನಲ್ಲಿ ಮಾತನಾಡಿದವರು ಕಲಿತವರು, ಅನುಕೂಲಸ್ಥರು. ಮೀಸಲು ಕುರ್ಚಿ ಹೋದರೂ ಅವರಿಗೆ ಕಾಲೇಜಿತ್ತು, ಕಛೇರಿಯಿತ್ತು. ಚಪ್ಪಲಿ ಹೊಲಿಯುವವನಿಗೆ ಓಟೊಂದೇ ಇತ್ತು. ಆದುದರಿಂದ ಕ್ರೈಸ್ತ ಶ್ರದ್ಧೆ ಓಟನ್ನು ತಿದ್ದಬೇಕಾದರೆ ಆ ತಿದ್ದುಪಡಿ ಆರಂಭವಾಗಬೇಕಾದದ್ದು ಈ ಮನುಷ್ಯನಿಂದ. ನನ್ನ ಧರ್ಮಕ್ಕೆ ಇದರಿಂದ ಏನು ಲಾಭ ಎಂದು ಕೇಳುವ ಮೊದಲು, ಊರಿನ ಅತ್ಯಂತ ಕಡೆಯವನಿಗೆ, ಅವನು ಯಾವ ಧರ್ಮದವನೇ ಆಗಲಿ, ಇದರಿಂದ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಅದು ಶ್ರದ್ಧೆಯ ಓಟು.

ಕುರ್ಚಿ ಬಿಟ್ಟ ಮೇಲೂ ಓಟನ್ನು ಗಂಟು ಕಟ್ಟುವ ಆಸೆ ಪೂರ್ತಿ ಹೋಗಲಿಲ್ಲ. 1957ರ ಏಪ್ರಿಲಿನಲ್ಲಿ ಕೇರಳದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಕಮ್ಯೂನಿಸ್ಟ್ ಸರ್ಕಾರ ಅಧಿಕಾರಕ್ಕೆ ಬಂದು ಶಿಕ್ಷಣ ಮಸೂದೆಯನ್ನು ತಂದಿತು. ಖಾಸಗಿ ಶಾಲೆಗಳ ಮೇಲೆ, ಅಂದರೆ ಬಹುಮಟ್ಟಿಗೆ ಚರ್ಚುಗಳ ಮತ್ತು ನಾಯರ್ ಸಂಘದ ಶಾಲೆಗಳ ಮೇಲೆ, ಸರ್ಕಾರದ ಹಿಡಿತ ಬಿಗಿಯಾಗಲಿತ್ತು. ಕ್ರೈಸ್ತರ ಆಕ್ಷೇಪಣೆ ಬರಿಯ ಹಟವಾಗಿರಲಿಲ್ಲ. 1958ರಲ್ಲಿ ಸುಪ್ರೀಂ ಕೋರ್ಟ್ ತನ್ನ ಅಭಿಪ್ರಾಯ ಕೊಟ್ಟಾಗ ಮಸೂದೆಯ ಕೆಲವು ಅಂಶಗಳು ಅಲ್ಪಸಂಖ್ಯಾತರ ಹಕ್ಕಿಗೆ ವಿರುದ್ಧವೆಂದೇ ಹೇಳಿತು. ಆದರೆ ನ್ಯಾಯಾಲಯದಲ್ಲಿ ಆರಂಭವಾದದ್ದು ಬೀದಿಗೆ ಬಂತು. ಇಗರ್ಜಿಯ ಗಂಟೆ ರಾಜಕೀಯದ ಕರೆಗಂಟೆಯಾಯಿತು. 1959ರ ಜೂನಿನಲ್ಲಿ ಹೋರಾಟ ಭುಗಿಲೆದ್ದು, ಅಂಗಮಾಲಿ ಮುಂತಾದೆಡೆ ಪೊಲೀಸರ ಗುಂಡಿಗೆ ಜನ ಬಲಿಯಾದರು. ಜುಲೈ 31ರಂದು ಕೇಂದ್ರ ಸರ್ಕಾರ ಆ ಚುನಾಯಿತ ಮಂತ್ರಿಮಂಡಲವನ್ನು ವಜಾ ಮಾಡಿತು.

1960ರ ಚುನಾವಣೆಯಲ್ಲಿ ಎದುರುಪಕ್ಷಗಳ ಕೂಟ ಭಾರಿ ಬಹುಮತದಿಂದ ಗೆದ್ದಿತು. ಕಮ್ಯೂನಿಸ್ಟರ ಸ್ಥಾನಗಳು 29ಕ್ಕೆ ಇಳಿದವು. ಆದರೆ ಅಂಕಿಗಳ ಇನ್ನೊಂದು ಮುಖ ನೋಡಿ. 1957ರಲ್ಲಿ ಶೇಕಡ 35ರಷ್ಟಿದ್ದ ಅವರ ಓಟು 1960ರಲ್ಲಿ ಶೇಕಡ 39ಕ್ಕೆ ಏರಿತ್ತು. ಅಷ್ಟು ಗಂಟೆ ಬಾರಿಸಿದ ಮೇಲೂ ಸೋತವರ ಓಟು ಕರಗಲಿಲ್ಲ, ಬೆಳೆಯಿತು. ಇನ್ನೂ ಒಂದು ಸಂಗತಿಯಿದೆ. ಆ ಶಿಕ್ಷಣ ಮಸೂದೆಯನ್ನು ತಂದ ಮಂತ್ರಿ ಜೋಸೆಫ್ ಮುಂಡಶ್ಶೇರಿ. ಮಲೆಯಾಳದ ಹೆಸರಾಂತ ಸಾಹಿತ್ಯ ವಿಮರ್ಶಕರು, ಹುಟ್ಟಿನಿಂದ ಕ್ಯಾಥೊಲಿಕರು. ನಮ್ಮ ವಾಚನಾಲಯದ ಹಿರಿಯರು ಆಗ ಕೇರಳದಲ್ಲಿದ್ದು 'ನಿಮ್ಮವರು ಯಾವ ಕಡೆ' ಎಂದು ಕೇಳಿದ್ದರೆ ಏನುತ್ತರ ಹೇಳಬಹುದಾಗಿತ್ತು? ನಮ್ಮವರು ಗುಂಡಿಗೆ ಎದೆಯೊಡ್ಡಿದ ಕಡೆಯಲ್ಲಿಯೂ ಇದ್ದರು, ಮಸೂದೆ ಬರೆದ ಕಡೆಯಲ್ಲಿಯೂ ಇದ್ದರು.

ಚರ್ಚು ಚುನಾವಣೆಯಲ್ಲಿ ಮೌನವಾಗಿರಬೇಕೆಂದು ನಾನು ಹೇಳುತ್ತಿಲ್ಲ. ಮಾತಿನಲ್ಲಿ ಎರಡು ಬಗೆಯಿದೆ. ಯಾರಿಗೆ ಹಾಕಬೇಕೆಂಬುದು ಒಂದು. ಹೇಗೆ ಹಾಕಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಮಿಜೋರಾಂ ಒಂದು ನಿದರ್ಶನವನ್ನು ಕೊಟ್ಟಿದೆ. ಜನಸಂಖ್ಯೆಯ ಬಹುಪಾಲು ಕ್ರೈಸ್ತರೇ ಆಗಿರುವ ಆ ರಾಜ್ಯದಲ್ಲಿ, ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಿನ ಮುಂದಾಳುತನದಿಂದ 2006ರಲ್ಲಿ ಮಿಜೋರಾಂ ಪೀಪಲ್ಸ್ ಫೋರಂ ಎಂಬ ಸಂಸ್ಥೆ ಹುಟ್ಟಿತು. ಅದು ರಾಜಕೀಯ ಪಕ್ಷಗಳೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. ಔತಣಗಳನ್ನು ಕೊಡಬಾರದು, ಹಣ ಹಂಚಬಾರದು, ಆಡಂಬರದ ಪ್ರಚಾರ ಕೂಡದು. ಅಭ್ಯರ್ಥಿಗಳೆಲ್ಲರೂ ಒಂದೇ ವೇದಿಕೆಗೆ ಬಂದು ಜನರ ಎದುರು ಸರದಿಯಲ್ಲಿ ಮಾತನಾಡಬೇಕು. ಇಷ್ಟು ಬಲವುಳ್ಳ ಚರ್ಚಿನ ಕೈ ಒಂದು ದಿನ ಭಾರವಾಗದೆಂದು ಹೇಳಲಾರೆ. ಬಹುಸಂಖ್ಯಾತರಾದ ಕ್ರೈಸ್ತರಿಗೂ ಬಹುಸಂಖ್ಯಾತರ ಪ್ರಲೋಭನೆಗಳೆಲ್ಲ ಇದ್ದೇ ಇವೆ. ಆದರೂ ಓಟನ್ನು ಮಾರಬೇಡ, ಎಲ್ಲರ ಮಾತನ್ನೂ ಕೇಳಿ ನಿರ್ಧರಿಸು ಎನ್ನುವುದು ಆ ನಡುವಿನ ಮತವನ್ನು, ಮನನವನ್ನು, ಎಚ್ಚರಿಸುವ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಕಾನೂನೂ ಈ ದಿಕ್ಕಿನಲ್ಲಿಯೇ ನಡೆದಿದೆ. ಅಭ್ಯರ್ಥಿಯ ಧರ್ಮದ ಹೆಸರಿನಲ್ಲಿ ಮಾತ್ರವಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಓಟು ಕೇಳುವುದೂ ಭ್ರಷ್ಟಾಚಾರವೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು.

ಕೊನೆಯದಾಗಿ ನಮ್ಮ ಅಜ್ಜನ ವಿಷಯ. ಅವರು ಜೀವನದಲ್ಲ��� ಮೊದಲ ಬಾರಿ ಓಟು ಹಾಕಿದ್ದು 1952ರ ಮೊದಲ ಮಹಾಚುನಾವಣೆಯಲ್ಲಿ. ಅಂದು ಅಭ್ಯರ್ಥಿಗೊಂದರಂತೆ ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ತನಗೆ ಬೇಕಾದವನ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ಹಿಂದೆ ಪಟ್ಟಿಗಳು ಬೇರೆಬೇರೆ ಇದ್ದವು. ಈಗ ಪಟ್ಟಿ ಒಂದಾಗಿ ಪೆಟ್ಟಿಗೆಗಳು ಹಲವಾಗಿದ್ದವು. ಅಜ್ಜ ಭಾನುವಾರದ ಬಿಳಿ ಅಂಗಿ ತೊಟ್ಟು ಹೋದರಂತೆ. ಬಿಸಿಲಿನಲ್ಲಿ ಎರಡು ಗಂಟೆ ನಿಂತು ಮಧ್ಯಾಹ್ನ ಮನೆಗೆ ಬಂದಾಗ ಅಜ್ಜಿ, "ಯಾರಿಗೆ ಹಾಕಿದಿರಿ?" ಎಂದು ಕೇಳಿದರು. ಅಜ್ಜ ಅದನ್ನು ಹೇಳಲಿಲ್ಲ. ಸಾಯುವ ತನಕವೂ ಹೇಳಲಿಲ್ಲ. ಸಾಲಿನ ವಿಷಯ ಮಾತ್ರ ಹೇಳಿದರು. ಮುಂದೆ ಕಾರ್ಖಾನೆಯ ಗುಮಾಸ್ತರು, ಹಿಂದೆ ಮೀನು ಮಾರುವ ಮೊಗವೀರ, ಅವನ ಹಿಂದೆ ಬ್ಯಾರಿ ಅಂಗಡಿಯವರು, ಅವರ ಹಿಂದೆ ಶಾಲೆಯ ಭಟ್ಟರು. ಕೂಲಿಯವನೆಂದು ಯಾರೂ ತನ್ನನ್ನು ಹಿಂದೆ ಸರಿಸಲಿಲ್ಲವೆಂಬುದನ್ನು ಅವರು ಎರಡೆರಡು ಸಲ ಹೇಳಿದರಂತೆ. ನನ್ನ ತಂದೆ ಈ ಕಥೆಯನ್ನು ಹೇಳುವಾಗ ಆ ಸಾಲನ್ನು ಒಂದು ಸಲವೂ ತಪ್ಪಿಸುತ್ತಿರಲಿಲ್ಲ.

ಕಳೆದ ಚುನಾವಣೆಯ ಹೊತ್ತಿಗೆ ವಾಚನಾಲಯದ ನನ್ನ ಸ್ನೇಹಿತರು ಎಂದಿನಂತೆ ಪ್ರಶ್ನೆ ಹಾಕಿದಾಗ ನಾನು ಉತ್ತರ ಹೇಳುವ ಬದಲು, "ನಿಮ್ಮವರದು ಯಾರಿಗೆ?" ಎಂದು ಕೇಳಿದೆ. ಅವರು ಕ್ಷಣಕಾಲ ಯೋಚಿಸಿ, "ನಮ್ಮವರು ಅಂದರೆ ಯಾರು ಮಾಷ್ಟ್ರೇ? ನಮ್ಮ ಮನೆಯಲ್ಲಿ ನಾಲ್ಕು ಓಟು, ಮೂರು ಪಕ್ಷ" ಎಂದರು.

"ನಮ್ಮ ಮನೆಯಲ್ಲಿಯೂ ಹಾಗೆಯೇ" ಎಂದೆ.

ಅವರು ನಕ್ಕು, ತಮ್ಮ ಕೈಯಲ್ಲಿದ್ದ ಸಂಪಾದಕೀಯದ ಹಾಳೆಯನ್ನು ನನ್ನತ್ತ ಚಾಚಿದರು.